ಓದುಗರ ಪ್ರಶ್ನೆ: ಕ್ಲೌಡಿಗೆ ಯಾವುದು, ಕೌಂಟರಿನಲ್ಲಿ ಯಾವುದು

ಮಂಗಳೂರು, ಉಡುಪಿ ಕಡೆಯ ವ್ಯಾಪಾರಸ್ಥರು, ಕಾರ್ಖಾನೆಯವರು, ಆಸ್ಪತ್ರೆಯವರು ಈ ಸಲ ಬರೆದ ಪತ್ರಗಳಲ್ಲಿ ಹೆಚ್ಚಿನವು ಕ್ಲೌಡ್ ಸರ್ವರ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರ್ ಬಗ್ಗೆಯೇ ಇವೆ. ಒಂದೇ ಬಗೆಯವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಂದರಿನಲ್ಲಿ ನಮ್ಮದು ದಿನಸಿ ಸಗಟು ವ್ಯಾಪಾರ, ಉಡುಪಿ, ಕುಂದಾಪುರದಲ್ಲಿ ಶಾಖೆಗಳಿವೆ. ಒಟ್ಟು ಎಂಟು ಮಂದಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಎಂಟ್ರಿ ಮಾಡುತ್ತಾರೆ. ಮೂರೂ ಕಡೆಯ ಲೆಕ್ಕ ಒಂದೇ ಕಡೆ ಸಿಗಲೆಂದು ಬಂದರಿನ ಕಂಪ್ಯೂಟರಿನ ಡಾಟಾ ಫೋಲ್ಡರನ್ನು ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಖಾಸಗಿ ದಾರಿ) ಹಾಕಿ ಶಾಖೆಗಳಿಗೆ ತೆರೆದುಕೊಟ್ಟೆವು. ಒಂದು ವೋಚರ್ ತೆರೆಯಲು ನಿಮಿಷ ಹಿಡಿಯುತ್ತದೆ; ಎರಡು ಸಲ ಡಾಟಾವೇ ಕೆಟ್ಟಿತು. ಕ್ಲೌಡಿಗೆ ಹೋದರೆ ಸರಿಯಾದೀತೇ? — ಮಂಗಳೂರು

ಉತ್ತರ: ಸರಿಯಾದೀತು, ಆದರೆ ಫೋಲ್ಡರನ್ನು ಮಾತ್ರ ಕ್ಲೌಡಿಗೆ ಹಾಕಿದರೆ ಈಗಿನ ಕಾಟವೇ ಮುಂದುವರಿಯುತ್ತದೆ. ಟ್ಯಾಲಿ ತನ್ನ ಲೆಕ್ಕವನ್ನು ಫೈಲುಗಳಲ್ಲಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಕುಂದಾಪುರದಲ್ಲಿ, ಫೈಲು ಬಂದರಿನಲ್ಲಿ ಇದ್ದಾಗ ಪ್ರತಿಯೊಂದು ಓದು-ಬರಹವೂ ಇಂಟರ್ನೆಟ್ಟಿನ ಮೇಲೆ ಓಡಾಡಬೇಕು. ಬರೆಯುತ್ತಿರುವಾಗ ಲೈನು ಒಮ್ಮೆ ತುಂಡಾದರೆ ಫೈಲು ಅರ್ಧಕ್ಕೆ ನಿಲ್ಲುತ್ತದೆ. ನಿಮ್ಮ ಡಾಟಾ ಕೆಟ್ಟಿದ್ದು ಬಹುಮಟ್ಟಿಗೆ ಹೀಗೆಯೇ.

ಪ್ರೋಗ್ರಾಂ, ಫೈಲು ಎರಡೂ ಒಂದೇ ಸರ್ವರಿನಲ್ಲಿರಬೇಕು. ಶಾಖೆಯವರಿಗೆ ಅದರ ಪರದೆ ಮಾತ್ರ ಕಾಣಬೇಕು. ವಿಂಡೋಸ್ ಸರ್ವರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮಾಡುವುದು ಇದನ್ನೇ. ಲೈನು ಹೋದರೂ ಸರ್ವರಿನಲ್ಲಿ ಕೆಲಸ ಹಾಗೆಯೇ ತೆರೆದಿರುತ್ತದೆ, ಲೈನು ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಎಂಟು ಮಂದಿಗೆ 4 ವಿಸಿಪಿಯು (ಸರ್ವರಿನ ಪ್ರೊಸೆಸರಿನಲ್ಲಿ ನಿಮ್ಮ ಪಾಲು), 16 ಜಿ.ಬಿ. ರ‍್ಯಾಮ್, ಎಸ್‌ಎಸ್‌ಡಿ ಡಿಸ್ಕ್ ಇರುವ ಸರ್ವರ್ ಧಾರಾಳ ಸಾಕು. ಶಾಖೆಗಳಲ್ಲಿ ಒಬ್ಬೊಬ್ಬರಿಗೆ 1.5ರಿಂದ 3 ಎಂಬಿಪಿಎಸ್ ಎಂದು ಲೆಕ್ಕ ಹಾಕಿ.

ಇನ್ನು ಕೊಟೇಶನ್ನಿನಲ್ಲಿ ನೋಡಬೇಕಾದ್ದು. ಟ್ಯಾಲಿಯ ಸಿಲ್ವರ್ ಲೈಸೆನ್ಸ್ ಒಬ್ಬರಿಗೆ. ಹಲವರು ಒಟ್ಟಿಗೆ ಕೂರಬೇಕಾದರೆ ಗೋಲ್ಡ್. ಅದಲ್ಲದೆ ರಿಮೋಟ್ ಡೆಸ್ಕ್‌ಟಾಪಿಗೆ ಮೈಕ್ರೋಸಾಫ್ಟಿನ ಬೇರೆ ಲೈಸೆನ್ಸ್ ಬೇಕು, ತಲೆಗೊಂದರಂತೆ. ಅಗ್ಗದ ಕೊಟೇಶನ್ನುಗಳಲ್ಲಿ ಬಿಟ್ಟುಹೋಗುವುದು ಇದೇ. ಲೈಸೆನ್ಸ್ ಇಲ್ಲದೆಯೂ ಮೊದಲ 120 ದಿನ ಎಲ್ಲವೂ ನಡೆಯುತ್ತದೆ. ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಒಳಗೆ ಹೋಗಲಾಗುವುದಿಲ್ಲ, ಹೆಚ್ಚಾಗಿ ಜಿಎಸ್‌ಟಿ ರಿಟರ್ನ್ ಕಟ್ಟಬೇಕಾದ ವಾರದಲ್ಲೇ.

ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಲು ಯಾರು ಹೇಳಿದರೂ ಒಪ್ಪಬೇಡಿ. ಆ ಪೋರ್ಟು ತೆರೆದಿರುವ ಸರ್ವರುಗಳನ್ನು ಹುಡುಕುತ್ತ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ. ಎಲ್ಲ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳನುಗ್ಗುವ ಮುಖ್ಯ ಬಾಗಿಲುಗಳಲ್ಲಿ ಅದೂ ಒಂದು. ವಿಪಿಎನ್ ಅಥವಾ ಗೇಟ್‌ವೇ ಮೂಲಕವೇ ಪ್ರವೇಶ, ಮೊಬೈಲಿನಲ್ಲಿ ಎರಡನೇ ದೃಢೀಕರಣ, ಐದು ಸಲ ತಪ್ಪಾದರೆ ಖಾತೆಗೆ ತಾತ್ಕಾಲಿಕ ಬೀಗ: ಇವು ಮೂರೂ ಇರಲಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ಲು ತೆಗೆಯುವವರಾದರೆ ದುಡ್ಡು ಕೊಡುವ ಮೊದಲೇ ರಿಮೋಟಿನಿಂದ ಐವತ್ತು ಬಿಲ್ಲು ಮುದ್ರಿಸಿ ನೋಡಿ. ಅಕ್ಷರ ಅಳತೆ ತಪ್ಪುವುದು, ಪುಟ ಮುಂದಕ್ಕೆ ಜಾರುವುದು ಇಲ್ಲಿ ಮಾಮೂಲು. ಡಿಜಿಟಲ್ ಸಹಿಯ ಟೋಕನ್ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ಇರಲಿ, ಸಹಿ ಹಾಕುವ ಕೆಲಸ ಅಲ್ಲೇ ಆಗಲಿ.

ಪ್ರಶ್ನೆ: ನಮ್ಮ ಬಿಡಿಭಾಗದ ಕಾರ್ಖಾನೆಯ ಇಆರ್‌ಪಿ (ಸ್ಟಾಕ್, ಉತ್ಪಾದನೆ, ಲೆಕ್ಕ ಒಟ್ಟಿಗೆ ನೋಡಿಕೊಳ್ಳುವ ತಂತ್ರಾಂಶ) ಹದಿನೈದು ವರ್ಷದ ಹಳೆಯದು. ಸರ್ವರ್ ಹಳತಾಯಿತೆಂದು ಡೇಟಾಬೇಸನ್ನು ಕ್ಲೌಡಿಗೆ ಸಾಗಿಸಿದೆವು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದ್ದ ಸ್ಟಾಕ್ ವರದಿಗೆ ಈಗ ಕಾಲು ನಿಮಿಷ ಬೇಕು. ಲೈನು 200 ಎಂಬಿಪಿಎಸ್‌ಗೆ ಏರಿಸಿದರೂ ಬದಲಾಗಲಿಲ್ಲ. — ಬೈಕಂಪಾಡಿ

ಉತ್ತರ: ಎಂಬಿಪಿಎಸ್ ಎಷ್ಟು ಏರಿಸಿದರೂ ಇದು ಸರಿಹೋಗುವುದಿಲ್ಲ. ತೊಂದರೆ ಇರುವುದು ಲೈನಿನ ಅಗಲದಲ್ಲಲ್ಲ, ಹೋಗಿ ಬರುವ ಸಮಯದಲ್ಲಿ. ಹಳೆಯ ಇಆರ್‌ಪಿಗಳು ಒಂದು ವರದಿಗೆ ಡೇಟಾಬೇಸನ್ನು ನೂರಾರು ಸಲ, ಒಂದರ ಹಿಂದೊಂದರಂತೆ ಕೇಳುತ್ತವೆ. ಚೀಟಿ ಬರೆದು ಒಮ್ಮೆಗೇ ಎಲ್ಲ ಸಾಮಾನು ತರಿಸದೆ, ಒಂದೊಂದು ಬೋಲ್ಟಿಗೂ ಆಳನ್ನು ಗೋದಾಮಿಗೆ ಓಡಿಸಿದ ಹಾಗೆ. ಒಂದು ವರದಿಗೆ 400 ಪ್ರಶ್ನೆ ಎಂದುಕೊಳ್ಳಿ. ಕಾರ್ಖಾನೆಯ ಒಳಗಿನ ಲ್ಯಾನ್‌ನಲ್ಲಿ ಒಂದಕ್ಕೆ 1 ಮಿಲಿಸೆಕೆಂಡಾದರೆ ಒಟ್ಟು 0.4 ಸೆಕೆಂಡು. ಕ್ಲೌಡಿಗೆ ಹೋಗಿ ಬರಲು 35 ಮಿಲಿಸೆಕೆಂಡಾದರೆ ಅದೇ ವರದಿಗೆ 14 ಸೆಕೆಂಡು. ನೀವು ಬರೆದ ಕಾಲು ನಿಮಿಷಕ್ಕೆ ಇದು ಹೊಂದುತ್ತದೆ.

ಮೊದಲು ಸರ್ವರ್ ಯಾವ ಊರಿನಲ್ಲಿದೆ ನೋಡಿ. ಖಾತೆ ತೆರೆದಾಗ ಪರದೆ ತೋರಿಸಿದ ಅಮೆರಿಕದ ರೀಜನ್ನನ್ನೇ (ಸರ್ವರುಗಳಿರುವ ಜಾಗ) ಒಪ್ಪಿ ಮುಂದೆ ಹೋದವರು ಅನೇಕರಿದ್ದಾರೆ. ಅಲ್ಲಿಗೆ ಹೋಗಿ ಬರಲು 200 ಮಿಲಿಸೆಕೆಂಡು ದಾಟುತ್ತದೆ. ಭಾರತದಲ್ಲೇ ಆಯ್ಕೆಗಳಿವೆ: ಅಮೆಜಾನಿನ ಕ್ಲೌಡ್ ಕೇಂದ್ರ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ, ಮೈಕ್ರೋಸಾಫ್ಟಿನದು 2015ರಿಂದ ಪುಣೆ, ಚೆನ್ನೈ, ಮುಂಬೈಯಲ್ಲಿ, ಗೂಗಲಿನದು ಮುಂಬೈಯಲ್ಲಿ 2017ರಿಂದ, ದೆಹಲಿಯಲ್ಲಿ 2021ರಿಂದ. ಮಂಗಳೂರಿನಿಂದ ಮುಂಬೈ ನೇರ ಸುಮಾರು 700 ಕಿ.ಮೀ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿ.ಮೀ. ಓಡುವುದರಿಂದ ಹೋಗಿ ಬರಲು ಲೆಕ್ಕಪ್ರಕಾರ 7 ಮಿಲಿಸೆಕೆಂಡು ಸಾಕು. ಆದರೆ ಕೇಬಲ್ ಕಂಪನಿಗಳು ನಮ್ಮ ಸಂಚಾರವನ್ನು ಬೆಂಗಳೂರು, ಚೆನ್ನೈ ಸುತ್ತಿಸಿ ಕಳಿಸುವುದುಂಟು. ಹಾಗಾಗಿ ಭೂಪಟ ನೋಡಿ ಆರಿಸಬೇಡಿ. ಪ್ರತಿ ಊರಿನಲ್ಲೂ ಒಂದು ಚಿಕ್ಕ ಸರ್ವರನ್ನು ಒಂದು ಗಂಟೆಗೆ ಬಾಡಿಗೆ ಹಿಡಿದು, ನಿಮ್ಮ ಕಚೇರಿಯಿಂದ ನೂರು ಪಿಂಗ್ (ಹೋಗಿ ಬರುವ ಸಮಯ ತಿಳಿಸುವ ಚಿಕ್ಕ ಸಂದೇಶ) ಕಳಿಸಿ ಅಳೆಯಿರಿ; ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ಸರಾಸರಿಗಿಂತ, ನಡುನಡುವೆ ಎಷ್ಟು ಏರಿಳಿಯುತ್ತದೆ, ಎಷ್ಟು ಪ್ಯಾಕೆಟ್ ಕಳೆದುಹೋಗುತ್ತವೆ ಎಂಬುದೇ ಮುಖ್ಯ. ಹೊಸ ಸರ್ವರ್ ಪಿಂಗಿಗೆ ಉತ್ತರಿಸದಿದ್ದರೆ ಅದರ ಫೈರ್‌ವಾಲಿನಲ್ಲಿ, ಅಂದರೆ ಹೊರಗಿನವರನ್ನು ತಡೆಯುವ ಕಾವಲಿನಲ್ಲಿ, ತಾತ್ಕಾಲಿಕವಾಗಿ ಅನುಮತಿ ಕೊಡಬೇಕಾಗುತ್ತದೆ.

ಅಳೆದ ಮೇಲೂ 20-30 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಎರಡೇ ದಾರಿ. ಇಆರ್‌ಪಿ ಪ್ರೋಗ್ರಾಮನ್ನೂ ಕ್ಲೌಡಿಗೆ, ಡೇಟಾಬೇಸಿನ ಪಕ್ಕಕ್ಕೇ ಸಾಗಿಸಿ ಪರದೆಯನ್ನಷ್ಟೇ ಕಾರ್ಖಾನೆಗೆ ತರಿಸಿಕೊಳ್ಳುವುದು ಒಂದು. ಡೇಟಾಬೇಸನ್ನು ಮರಳಿ ಕಾರ್ಖಾನೆಗೆ ತಂದು, ಬ್ಯಾಕಪ್ ಮಾತ್ರ ಕ್ಲೌಡಿಗೆ ಕಳಿಸುವುದು ಇನ್ನೊಂದು. ತೂಕದ ಯಂತ್ರ, ಬಾರ್‌ಕೋಡ್ ರೀಡರ್, ಲೇಬಲ್ ಪ್ರಿಂಟರ್ ಇಆರ್‌ಪಿಗೆ ಜೋಡಿಸಿದ್ದರೆ ನಮ್ಮ ಸಲಹೆ ಎರಡನೆಯದು. ಮರಳಿ ತರುವುದಕ್ಕೆ ನಾಚಿಕೆಪಡಬೇಕಾಗಿಲ್ಲ.

ಪ್ರಶ್ನೆ: ಎರಡು ಕಂಪನಿಗಳ ಇಂಟರ್ನೆಟ್ ಇದೆ. ಆದರೂ ರಸ್ತೆ ಅಗೆದಾಗಲೆಲ್ಲ ಎರಡೂ ಒಟ್ಟಿಗೆ ಹೋಗುತ್ತವಲ್ಲ ಮಾರಾಯ್ರೆ! — ಸುರತ್ಕಲ್

ಉತ್ತರ: ಕಂಪನಿ ಎರಡಾದರೂ ಕಂಬ ಒಂದೇ, ಅಥವಾ ಹೆದ್ದಾರಿ ಬದಿಯ ಅದೇ ಗುಂಡಿಯಲ್ಲಿ ಹೋಗುವ ಕೊಳವೆ ಒಂದೇ. ಲೈನು ಕೊಳ್ಳುವಾಗ ವೇಗದ ಬದಲು ದಾರಿ ಕೇಳಿ: ಯಾವ ರಸ್ತೆಯಿಂದ ಬರುತ್ತದೆ, ನೆಲದೊಳಗೋ ಕಂಬದ ಮೇಲೋ. ಒಂದು ಫೈಬರ್, ಇನ್ನೊಂದು 4ಜಿ ಅಥವಾ 5ಜಿ ಸಿಮ್ ಇರಲಿ. ಎರಡೂ ಲೈನು ಜೋಡಿಸಿಕೊಂಡು ತಾನಾಗಿ ಬದಲಿಸುವ ಡ್ಯುಯಲ್ ವ್ಯಾನ್ ರೂಟರ್ ಹಾಕಿಸಿ. ಲೈನು ಬದಲಾದಾಗ ಇಂಟರ್ನೆಟ್ಟಿನಲ್ಲಿ ನಿಮ್ಮನ್ನು ಗುರುತಿಸುವ ಐಪಿ ವಿಳಾಸವೂ ಬದಲಾಗುತ್ತದೆ. ಕ್ಲೌಡಿನ ಫೈರ್‌ವಾಲಿನಲ್ಲಿ ಮೊದಲ ಲೈನಿನ ಐಪಿಗೆ ಮಾತ್ರ ಅನುಮತಿ ಇದ್ದರೆ ಸಿಮ್‌ನಲ್ಲಿ ಇಂಟರ್ನೆಟ್ ಬರುತ್ತದೆ, ಸರ್ವರ್ ಸಿಗುವುದಿಲ್ಲ. ವಿಪಿಎನ್ ಮೂಲಕ ಹೋಗುವ ವ್ಯವಸ್ಥೆಯಿದ್ದರೆ ಈ ಗೋಜಿಲ್ಲ. ತಿಂಗಳಿಗೊಮ್ಮೆ ಫೈಬರ್ ಕೈಯಾರೆ ಕಿತ್ತು ಹತ್ತು ನಿಮಿಷ ಸಿಮ್‌ನಲ್ಲೇ ಕೆಲಸ ನಡೆಸಿ ನೋಡಿ. ರೀಚಾರ್ಜ್ ಮುಗಿದಿರುವುದು ಆಗಲೇ ಗೊತ್ತಾಗುವುದು.

ಪ್ರಶ್ನೆ: ಪ್ರತಿ ವರ್ಷ ಮಳೆ ಸುರುವಾಗುವಾಗ ಸಿಡಿಲಿಗೆ ಏನಾದರೊಂದು ಸುಡುತ್ತದೆ. ಕ್ಲೌಡಿಗೆ ಹೋದರೆ ಈ ಕಾಟ ತಪ್ಪುತ್ತದೆಯೇ? — ಹೆಬ್ರಿ

ಉತ್ತರ: ಸರ್ವರ್ ಉಳಿಯುತ್ತದೆ, ರೂಟರ್ ಉಳಿಯುವುದಿಲ್ಲ. ಗಾಜಿನ ಫೈಬರಿನಲ್ಲಿ ಕರೆಂಟು ಹರಿಯದು ನಿಜ. ಆದರೆ ಕಂಬದಿಂದ ಕಟ್ಟಡಕ್ಕೆ ಬರುವ ಕೇಬಲಿನಲ್ಲಿ ಫೈಬರಿನ ಜತೆಗೊಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಫೈಬರ್ ಮಾತ್ರ ಒಳಗೆ ತರಲು ಹೇಳಿ. ಎಷ್ಟೋ ಕಡೆ ತಂತಿ ಸಮೇತ ರೂಟರ್ ತನಕ ಎಳೆದಿರುತ್ತಾರೆ. ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಹೋಗಿದ್ದರೆ ಅದನ್ನೂ ಫೈಬರಿಗೆ ಬದಲಿಸಿ. ಉಳಿದದ್ದು ಮೆಸ್ಕಾಂನ ಕರೆಂಟು ಲೈನಿನಿಂದ ಬರುವ ಹೊಡೆತ. ಅದಕ್ಕೆ ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಗೋಡೆಯ ಮೇಲಿನ ಅಲಂಕಾರ ಅಷ್ಟೆ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ಥಿಂಗಿನ ರೋಧ ಏರುತ್ತದೆ. ಏಪ್ರಿಲ್, ಮೇ ತಿಂಗಳ ಮೊದಲ ಗುಡುಗು ಬರುವುದೂ ಆಗಲೇ. ಮಾರ್ಚಿನಲ್ಲೇ ಅಳೆಸಿ, 5 ಓಮ್‌ಗಿಂತ ಕೆಳಗಿರಲಿ. ಗುಂಡಿಗೆ ನೀರು ಹಾಕುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದುಕೊಡಿ.

ಪ್ರಶ್ನೆ: ನಮ್ಮ ಸಸ್ಯಾಹಾರಿ ಹೋಟೆಲಿಗೆ ಕ್ಲೌಡ್ ಬಿಲ್ಲಿಂಗ್ ಹಾಕಿಸಲು ಇಬ್ಬರು ಬಂದಿದ್ದಾರೆ. ಎರಡು ಕೌಂಟರ್, ಅಡುಗೆಮನೆಯಲ್ಲಿ ಮೂರು ಕೆಓಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಪ್ರಿಂಟರ್ ಇವೆ. ಏನು ಕೇಳಬೇಕು? — ಉಡುಪಿ

ಉತ್ತರ: ಅವರನ್ನು ಮಧ್ಯಾಹ್ನ ಒಂದು ಗಂಟೆಗೆ, ಊಟದ ಹೊತ್ತಿಗೇ ಬರಹೇಳಿ. ಡೆಮೋ ನಡೆಯುತ್ತಿರುವಾಗ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ. ಬಿಲ್ಲು ಬರುತ್ತಿದೆಯೇ, ಕೆಓಟಿ ಅಡುಗೆಮನೆಯಲ್ಲಿ ಮುದ್ರಣವಾಗುತ್ತಿದೆಯೇ ನೋಡಿ. ಕೆಲವು ತಂತ್ರಾಂಶಗಳಲ್ಲಿ ಪಕ್ಕದ ಕೋಣೆಯ ಪ್ರಿಂಟರಿಗೆ ಹೋಗಬೇಕಾದ ಆರ್ಡರ್ ಕೂಡ ಮುಂಬೈ ಸುತ್ತಿ ಬರುತ್ತದೆ. ಅಂಥದ್ದು ಬೇಡ. ಬಿಲ್ಲಿಂಗ್ ಕೌಂಟರಿನ ಯಂತ್ರದಲ್ಲೇ ನಡೆದು, ಲೆಕ್ಕದ ಪ್ರತಿ ಕ್ಲೌಡಿಗೆ ಹೋಗುತ್ತಿರಬೇಕು. ಇಂಟರ್ನೆಟ್ ಇಲ್ಲದೆ ಎಷ್ಟು ಗಂಟೆ, ಎಷ್ಟು ಬಿಲ್ಲು ತಡೆದುಕೊಳ್ಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಎರಡು ಕೌಂಟರ್ ಇರುವಲ್ಲಿ ಇನ್ನೊಂದು ತೊಡಕು. ಇಂಟರ್ನೆಟ್ ಇಲ್ಲದಾಗ ಎರಡೂ ಯಂತ್ರಗಳು ತಮ್ಮಷ್ಟಕ್ಕೆ ಮುಂದಿನ ನಂಬರ್ ಕೊಡುತ್ತವೆ. ಒಂದೇ ನಂಬರಿನ ಎರಡು ಬಿಲ್ಲಾಗುತ್ತದೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ ಸಾಲಾಗಿರಬೇಕು, ಆರ್ಥಿಕ ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. ಆದರೆ ಒಂದಕ್ಕಿಂತ ಹೆಚ್ಚು ಸರಣಿ ಇಡಲು ಅವಕಾಶವಿದೆ. ಒಂದು ಕೌಂಟರಿಗೆ ಎ, ಇನ್ನೊಂದಕ್ಕೆ ಬಿ ಎಂದು ಮೊದಲೇ ಬೇರ್ಪಡಿಸಿ. ಎ/25-26/00001 ಎಂಬ ಮಾದರಿ 13 ಅಕ್ಷರದಲ್ಲಿ ಮುಗಿಯುತ್ತದೆ.

ದರದ ಬಗ್ಗೆ ಒಂದು ಮಾತು. ಶೇ. 18 ಜಿಎಸ್‌ಟಿ ವಾಪಸು ಸಿಗುತ್ತದೆ ಎಂದು ಮಾರಾಟಗಾರರು ಹೇಳುವುದು ನಿಮಗೆ ಅನ್ವಯಿಸುವುದಿಲ್ಲ. ಶೇ. 5 ತೆರಿಗೆ ಕಟ್ಟುವ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶ, ಇಲ್ಲ. ತಿಂಗಳಿಗೆ ₹2,000 ಎಂದರೆ ನಿಮ್ಮ ಕೈಯಿಂದ ಹೋಗುವುದು ₹2,360. ರೂಟರಿಗೆ, ಫೈಬರ್ ಪೆಟ್ಟಿಗೆಗೆ ಒಂದು ಮಿನಿ ಯುಪಿಎಸ್ ಹಾಕಿಸಿ. ಮೆಸ್ಕಾಂ ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಅರ್ಧ ನಿಮಿಷದಲ್ಲಿ ರೂಟರ್ ಆರಿ, ಮತ್ತೆ ಎಚ್ಚರಾಗಲು ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಸ್ಕ್ಯಾನಿಂಗ್ ಕೇಂದ್ರದಲ್ಲಿ ದಿನಕ್ಕೆ 15 ಸಿ.ಟಿ. ಆಗುತ್ತದೆ. ಹಳೆಯ ಚಿತ್ರಗಳೇ 6 ಟಿ.ಬಿ. ಇವೆ. ಎಲ್ಲವನ್ನೂ ಕ್ಲೌಡಿಗೆ ಹಾಕಿ ಕೇಂದ್ರದ ಸರ್ವರ್ ತೆಗೆದುಬಿಡಬಹುದೇ? ರಾತ್ರಿ ಹೊತ್ತು ಡಾಕ್ಟರು ಮನೆಯಿಂದಲೇ ನೋಡಿ ವರದಿ ಕೊಡಬೇಕು. — ಮಣಿಪಾಲ

ಉತ್ತರ: ಲೆಕ್ಕ ಹಾಕೋಣ. ಸಿ.ಟಿ.ಯ ಒಂದು ಸ್ಲೈಸ್ 512×512 ಚುಕ್ಕಿ, ಚುಕ್ಕಿಗೆ 2 ಬೈಟ್. ಅಂದರೆ ಅರ್ಧ ಎಂ.ಬಿ. ಒಬ್ಬರಿಗೆ 500 ಸ್ಲೈಸ್ ಎಂದರೆ 250 ಎಂ.ಬಿ., 15 ಮಂದಿಗೆ 3.75 ಜಿ.ಬಿ. ಲೈನಿನ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಒಂದು ದಿನದ ಚಿತ್ರ ಏರಿಸಲು 25 ನಿಮಿಷ. ನಿಜದಲ್ಲಿ ನಲವತ್ತು ಎಂದಿಟ್ಟುಕೊಳ್ಳಿ. ದಿನದ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಹಳೆಯ 6 ಟಿ.ಬಿ.ಗೆ ಮಾತ್ರ ಅದೇ ವೇಗದಲ್ಲಿ ಹಗಲು ರಾತ್ರಿ ಬಿಡದೆ 28 ದಿನ. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಮಾತ್ರ ಏರಿಸಿದರೆ 83 ದಿನ ಬೇಕು. ಬ್ರಾಡ್‌ಬ್ಯಾಂಡಿನ ಜಾಹೀರಾತಿನಲ್ಲಿ ದೊಡ್ಡದಾಗಿ ಇರುವುದು ಹೆಚ್ಚಾಗಿ ಡೌನ್‌ಲೋಡ್ ವೇಗ. ಅಪ್‌ಲೋಡ್ ಎಷ್ಟೆಂದು ಬೇರೆಯೇ ಕೇಳಬೇಕು. ತಿಂಗಳ ಡೇಟಾ ಮಿತಿಯನ್ನೂ ಕೇಳಿ.

ಕೇಂದ್ರದ ಸರ್ವರನ್ನು ಪೂರ್ತಿ ತೆಗೆಯಬೇಡಿ. ರೋಗಿ ಮೇಜಿನ ಮೇಲಿರುವಾಗ ಹಳೆಯ ಸ್ಕ್ಯಾನ್ ಹೋಲಿಸಿ ನೋಡಬೇಕಾದರೆ ಅದು ತಕ್ಷಣ ತೆರೆಯಬೇಕು. ಕಳೆದ ಆರು ತಿಂಗಳ ಚಿತ್ರಗಳು ಸುಮಾರು 600 ಜಿ.ಬಿ. ಆಗುತ್ತವೆ, ಅವು ಕೇಂದ್ರದಲ್ಲೇ ಒಂದು ಚಿಕ್ಕ ಸಂಗ್ರಹ ಪೆಟ್ಟಿಗೆಯಲ್ಲಿ, ಎರಡು ಡಿಸ್ಕ್‌ಗಳಲ್ಲಿ ಜೋಡಿ ಪ್ರತಿಯಾಗಿ ಇರಲಿ. ಎಲ್ಲದರ ಇನ್ನೊಂದು ಪ್ರತಿ ಕ್ಲೌಡಿನಲ್ಲಿರಲಿ.

ಕ್ಲೌಡ್ ಸಂಗ್ರಹದಲ್ಲಿ ಅಗ್ಗದ್ದು, ದುಬಾರಿಯದ್ದು ಎಂದು ಹಲವು ದರ್ಜೆಗಳಿವೆ. ಅಮೆಜಾನಿನ ಡೀಪ್ ಆರ್ಕೈವ್ ಬಲು ಅಗ್ಗ, ಆದರೆ ಕೇಳಿದ ಫೈಲು ಕೈಗೆ ಬರಲು ಸಾಮಾನ್ಯವಾಗಿ 12 ಗಂಟೆ ಬೇಕು. ಮೇಲಾಗಿ 180 ದಿನಕ್ಕೆ ಮುಂಚೆ ಅಳಿಸಿದರೂ ಅಷ್ಟು ದಿನದ ಬಾಡಿಗೆ ಕಟ್ಟಲೇಬೇಕು. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು ವೈದ್ಯರು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 12 ಗಂಟೆ ಆ ಮಿತಿಯೊಳಗೇ ಇದೆ. ಆದ್ದರಿಂದ ಒಂದು ವರ್ಷ ದಾಟಿದ್ದನ್ನು ಧೈರ್ಯವಾಗಿ ಅಲ್ಲಿಗೆ ಇಳಿಸಬಹುದು. ಅದಕ್ಕೂ ಮೊದಲು ಒಬ್ಬ ರೋಗಿಯ ಐನೂರು ಸ್ಲೈಸನ್ನು ಒಂದೇ ಕಟ್ಟಾಗಿ ಮಾಡಿ. ಬಿಡಿಬಿಡಿಯಾಗಿ ಏರಿಸಿದರೆ ಪ್ರತಿ ಫೈಲಿಗೂ ಏರಿಸುವ, ಇಳಿಸುವ ಶುಲ್ಕ ಬೀಳುತ್ತದೆ, 6 ಟಿ.ಬಿ. ಎಂದರೆ ಹೆಚ್ಚುಕಡಿಮೆ 1.2 ಕೋಟಿ ಫೈಲು.

ಡಾಕ್ಟರು ಮನೆಯಿಂದ ನೋಡುವುದು ಕ್ಲೌಡಿನಿಂದ ಹೊರಗೆ ಹೋಗುವ ಡೇಟಾ. ಫೈಲಿಗಿಷ್ಟು ಎಂಬ ಶುಲ್ಕ ಬೇರೆ; ಜಿ.ಬಿ. ಲೆಕ್ಕದಲ್ಲಿ ಒಳಗೆ ಬರುವುದಕ್ಕೆ ದುಡ್ಡಿಲ್ಲ, ಹೊರಗೆ ಹೋಗುವುದಕ್ಕೆ ಇದೆ. ಅಮೆಜಾನಿನಲ್ಲಿ ತಿಂಗಳಿಗೆ 100 ಜಿ.ಬಿ. ಪುಕ್ಕಟೆ. ನಿಮ್ಮ 26 ದಿನದ ಸ್ಕ್ಯಾನುಗಳು 97.5 ಜಿ.ಬಿ. ಆಗುತ್ತವೆ. ಒಬ್ಬ ಡಾಕ್ಟರು ಒಮ್ಮೆ ನೋಡಿದರೆ ಅಷ್ಟರಲ್ಲೇ ಮುಗಿಯಿತು, ಇಬ್ಬರು ನೋಡಿದರೆ ಶುಲ್ಕ ಸುರು. ಪೂರ್ತಿ ಇಳಿಸದೆ ಬೇಕಾದ ಸ್ಲೈಸನ್ನಷ್ಟೇ ತೋರಿಸುವ ವೆಬ್ ವ್ಯೂವರ್ ಹಾಕಿಸಿ. ಸ್ಕ್ಯಾನ್ ಚಿತ್ರಗಳನ್ನು ಸಾಗಿಸುವ ಡೈಕಾಂ ಪೋರ್ಟನ್ನು ಹಾಗೆಯೇ ಇಂಟರ್ನೆಟ್ಟಿಗೆ ತೆರೆಯುವುದು ಮಾತ್ರ ಅಪಾಯ, ಮೂಲ ರೂಪದಲ್ಲಿ ಅದಕ್ಕೆ ಗೂಢಲಿಪಿಯ ರಕ್ಷಣೆಯೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದಿದ್ದರೆ ದಂಡದ ಗರಿಷ್ಠ ಮಿತಿ ₹250 ಕೋಟಿ.

ಪ್ರಶ್ನೆ: ಮೀನು ಶೀತಲೀಕರಣ ಘಟಕದ ಕೋಣೆಗಳ ಉಷ್ಣತೆ ಮೊಬೈಲಿನಲ್ಲೇ ಕಾಣುವ ಕ್ಲೌಡ್ ವ್ಯವಸ್ಥೆ ಹಾಕಿಸಬೇಕೆಂದಿದ್ದೇವೆ. — ಮಲ್ಪೆ

ಉತ್ತರ: ದಾಖಲೆಗೆ ಕ್ಲೌಡ್ ಒಳ್ಳೆಯದು, ಎಚ್ಚರಿಕೆಗೆ ಅದನ್ನೊಂದೇ ನಂಬಬೇಡಿ. ಕರೆಂಟು ಹೋದಾಗಲೇ ಕೋಣೆ ಬಿಸಿಯಾಗುವುದು, ಇಂಟರ್ನೆಟ್ ಹೋಗುವುದೂ ಆಗಲೇ. ಸೈರನ್ನು, ಸಿಮ್‌ನಿಂದ ಕರೆ ಮಾಡುವ ಪೆಟ್ಟಿಗೆ ಎರಡೂ ಘಟಕದಲ್ಲೇ, ಬ್ಯಾಟರಿ ಮೇಲೆ ಇರಲಿ.

ಸೆನ್ಸರ್ ಆರಿಸುವಾಗ ದತ್ತಾಂಶ ಪತ್ರ ಓದಿ. ಅಗ್ಗದ ವ್ಯವಸ್ಥೆಗಳಲ್ಲಿ ಬರುವ ಡಿಎಸ್18ಬಿ20 ಸೆನ್ಸರಿನ ±0.5 ಡಿಗ್ರಿ ಖಾತರಿ ಇರುವುದು −10ರಿಂದ ಮೇಲಕ್ಕೆ. ನಿಮಗೆ ಬೇಕಾದ್ದು −18. ಅಲ್ಲಿ ಕ್ಲಾಸ್ ಎ ಪಿಟಿ100 ಸೆನ್ಸರ್ ಹಾಕಿದರೆ ವ್ಯತ್ಯಾಸ ±0.19 ಡಿಗ್ರಿಯೊಳಗೆ ಇರುತ್ತದೆ. ಬಾಗಿಲ ಬಳಿ ಬೇಡ, ಫ್ಯಾನಿನ ಎದುರೂ ಬೇಡ. ಡಿಫ್ರಾಸ್ಟ್ (ಕಟ್ಟಿದ ಹಿಮ ಕರಗಿಸುವುದು) ಆಗುವಾಗ ಗಾಳಿಯ ಉಷ್ಣತೆ ಸ್ವಲ್ಪ ಹೊತ್ತು ಏರುವುದು ಸಹಜ. ಅದಕ್ಕೆಲ್ಲ ಸೈರನ್ ಕೂಗಿದರೆ ಒಂದು ವಾರದಲ್ಲಿ ಯಾರೋ ವಯರ್ ಕಿತ್ತಿಡುತ್ತಾರೆ. 30 ನಿಮಿಷ ಏರಿದ್ದು ಇಳಿಯದಿದ್ದರೆ ಮಾತ್ರ ಕೂಗುವಂತೆ ಹೊಂದಿಸಿ.

ನಿಮಿಷಕ್ಕೊಂದು ಅಳತೆ ಎಂದರೆ ಒಂದು ಸೆನ್ಸರಿಗೆ 30 ದಿನದಲ್ಲಿ 43,200 ಸಂದೇಶ. ಲೈನು ಹೋದಾಗ ಇವನ್ನು ಸೆನ್ಸರಿನಿಂದ ಕ್ಲೌಡಿಗೆ ದಾಟಿಸುವ ಗೇಟ್‌ವೇ ಪೆಟ್ಟಿಗೆ ತನ್ನಲ್ಲೇ ಇಟ್ಟುಕೊಂಡು, ಬಂದ ಮೇಲೆ ಮೂಲ ಸಮಯದ ಮುದ್ರೆಯೊಂದಿಗೇ ಕಳಿಸಬೇಕು. ಪೆಟ್ಟಿಗೆಯ ಗಡಿಯಾರಕ್ಕೆ ಬ್ಯಾಟರಿ ಇಲ್ಲದಿದ್ದರೆ ಕರೆಂಟು ಬಂದಾಗ ತಪ್ಪು ತಾರೀಖು ಬೀಳುತ್ತದೆ. ತಪಾಸಣೆಗೆ ಬಂದವರು ಮೊದಲು ಹಿಡಿಯುವುದು ಇಂಥದ್ದನ್ನೇ. ಉಪ್ಪು ಗಾಳಿಗೆ ಪೆಟ್ಟಿಗೆ ಧೂಳು, ನೀರು ತಡೆಯುವ ಐಪಿ65 ದರ್ಜೆಯದ್ದಾದರೂ ಇರಲಿ, ಕಂಪ್ರೆಸರ್ ಕೋಣೆಯಲ್ಲಂತೂ ಇಡಬೇಡಿ.

ಪ್ರಶ್ನೆ: ಹನ್ನೆರಡು ಜನರ ಸಾಫ್ಟ್‌ವೇರ್ ಕಚೇರಿ. ಪರೀಕ್ಷೆಯ ಸರ್ವರುಗಳನ್ನು ನಿಲ್ಲಿಸಿದ ಮೇಲೂ ಕ್ಲೌಡ್ ಬಿಲ್ಲು ಏರುತ್ತಲೇ ಇದೆ. — ಬಿಜೈ, ಮಂಗಳೂರು

ಉತ್ತರ: ಸರ್ವರ್ ನಿಲ್ಲಿಸಿದರೆ ನಿಲ್ಲುವುದು ಅದರ ಗಂಟೆಯ ಬಾಡಿಗೆ ಮಾತ್ರ. ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ), ಕಾದಿರಿಸಿದ ಐಪಿ ಇವುಗಳ ಮೀಟರ್ ಓಡುತ್ತಲೇ ಇರುತ್ತದೆ. ಅಮೆಜಾನ್ 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತದೆ. ತಿಂಗಳಿಗೆ 730 ಗಂಟೆ ಎಂದರೆ ಒಂದಕ್ಕೆ 3.65 ಡಾಲರ್. ಸರ್ವರ್ ಅಳಿಸಿದರೂ ಹಿಂದೆ ಉಳಿಯುವ ಅನಾಥ ಡಿಸ್ಕುಗಳ ಪಟ್ಟಿ ತೆಗೆಯಿರಿ. ಅಮೆಜಾನಿನ ಜಿಪಿ2 ಬಗೆಯ ಡಿಸ್ಕ್ ಇದ್ದರೆ ಜಿಪಿ3ಗೆ ಬದಲಿಸಿ, ಸರ್ವರ್ ನಿಲ್ಲಿಸದೆಯೇ ಆಗುತ್ತದೆ, ಜಿ.ಬಿ. ದರ ಸುಮಾರು ಶೇ. 20 ಕಡಿಮೆ. ಅಮೆಜಾನಿನ ಟಿ3 ಬಗೆಯ ಸರ್ವರುಗಳು ಮೊದಲಿನಿಂದಲೇ ‘ಅನ್‌ಲಿಮಿಟೆಡ್’ ಸ್ಥಿತಿಯಲ್ಲಿ ಬರುತ್ತವೆ. ಮಿತಿಗಿಂತ ಹೆಚ್ಚು ದುಡಿಸಿದರೆ ನಿಧಾನವಾಗುವ ಬದಲು ಹೆಚ್ಚುವರಿ ಬಿಲ್ಲು ಹಾಕುತ್ತವೆ.

ಕಚೇರಿ ಹೊತ್ತಿನಲ್ಲಿ ಮಾತ್ರ ಬೇಕಾದ ಸರ್ವರನ್ನು ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ಓಡಿಸಿದರೆ 260 ಗಂಟೆ. 730ರ ಮೂರನೇ ಒಂದಕ್ಕಿಂತ ತುಸು ಹೆಚ್ಚು. ವರ್ಷದ, ಮೂರು ವರ್ಷದ ರಿಯಾಯಿತಿ ಒಪ್ಪಂದಕ್ಕೆ ಮೂರು ತಿಂಗಳ ನಿಜವಾದ ಬಳಕೆ ನೋಡದೆ ಕೈಹಾಕಬೇಡಿ. ಬಜೆಟ್ ಅಲರ್ಟ್ ಇಡಿ, ಆದರೆ ಅದು ಇಮೇಲ್ ಕಳಿಸುತ್ತದೆಯೇ ಹೊರತು ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ.

ಇನ್ನೊಂದು ಹೆಚ್ಚಿನವರಿಗೆ ಹೊಳೆಯದ್ದು: ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ ₹15,000 ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಸಲವೂ ಓಟಿಪಿ ಬೇಕು. ಬಿಲ್ಲು 14ರಿಂದ 16 ಸಾವಿರಕ್ಕೆ ಏರಿದ ತಿಂಗಳು ಪಾವತಿ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆ ತುಂಬಿದ್ದೀರೋ ಅದನ್ನೂ ನೋಡಿ. ಇಲ್ಲದಿದ್ದರೆ ಕ್ರೆಡಿಟ್ ಸಿಗದು.

ಪ್ರಶ್ನೆ: ಎಲ್ಲ ಕಡತ ಗೂಗಲ್ ಡ್ರೈವಿನಲ್ಲಿದೆ. ಬೇರೆ ಬ್ಯಾಕಪ್ ಬೇಕೆ? — ಬ್ರಹ್ಮಾವರ

ಉತ್ತರ: ಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ವೈರಸ್ ಬೀಗ ಹಾಕಿದ ಫೈಲು ಅಲ್ಲಿಗೂ ಏರುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ, ಸಂಸ್ಥೆಯ ಖಾತೆಯಾದರೆ ಅಲ್ಲಿಂದಾಚೆ ಅಡ್ಮಿನ್‌ಗೆ ಇನ್ನು 25 ದಿನ. ಕೆಲಸ ಬಿಟ್ಟವರ ಖಾತೆ ಅಳಿಸಿದರೆ ಮರಳಿ ಪಡೆಯಲು 20 ದಿನ ಮಾತ್ರ. ಮೊದಲು ಕಡತಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ, ಆಮೇಲೆ ಅಳಿಸಿ. ವಾರಕ್ಕೊಂದು ಪ್ರತಿ ಹೊರಗಿನ ಡಿಸ್ಕಿಗೆ ತೆಗೆದು, ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿಡಿ.

ಪ್ರಶ್ನೆ: ಗೇರುಬೀಜ ಕಾರ್ಖಾನೆ, ಪ್ರೈವೇಟ್ ಲಿಮಿಟೆಡ್. ಕ್ಲೌಡ್ ಖಾತೆ, ಡೊಮೈನ್ (ಇಂಟರ್ನೆಟ್ಟಿನಲ್ಲಿ ಕಂಪನಿಯ ಹೆಸರು) ಎರಡೂ ಸರ್ವಿಸ್ ಕೊಡುವವರ ಹೆಸರಿನಲ್ಲಿವೆ. ಶೇ. 99.5 ಸಮಯ ಸರ್ವರ್ ನಡೆಯುತ್ತದೆ ಎಂದು ಅವರು ಖಾತರಿ ಕೊಟ್ಟಿದ್ದಾರೆ. ಸಾಕೇ? — ಕಾರ್ಕಳ

ಉತ್ತರ: ಶೇ. 99.5 ಎಂದರೆ 30 ದಿನದಲ್ಲಿ 216 ನಿಮಿಷ, ಮೂರೂವರೆ ಗಂಟೆಗಿಂತ ಹೆಚ್ಚು ಕಾಲ ಸರ್ವರ್ ನಿಂತರೂ ಅವರ ಮಾತು ತಪ್ಪಿದಂತಾಗದು, 99.95 ಆದರೆ 22 ನಿಮಿಷ. ತಪ್ಪಿದರೂ ಸಾಮಾನ್ಯವಾಗಿ ಸಿಗುವುದು ಮುಂದಿನ ಬಿಲ್ಲಿನಲ್ಲಿ ಚಿಕ್ಕ ರಿಯಾಯಿತಿ, ನಿಮ್ಮ ನಷ್ಟವಲ್ಲ. ನಿಮ್ಮೂರಿನ ಫೈಬರ್ ತುಂಡಾದದ್ದು ಇದರ ಲೆಕ್ಕಕ್ಕೇ ಬರುವುದಿಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಹೆಸರು. ಖಾತೆಯ ಮೂಲ ಇಮೇಲ್, ಅದರ ಎರಡನೇ ದೃಢೀಕರಣದ ಮೊಬೈಲು ಯಾರ ಕೈಯಲ್ಲಿದೆಯೋ ಲೆಕ್ಕವೂ ಅವರ ಕೈಯಲ್ಲಿದೆ. ಖಾತೆ, ಡೊಮೈನ್ ಎರಡನ್ನೂ ಕಂಪನಿಯ ಹೆಸರಿಗೆ ಬರೆಸಿಕೊಳ್ಳಿ. ಸರ್ವಿಸಿನವರಿಗೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದ ಬೇರೆ ಲಾಗಿನ್ ಕೊಡಿ. ಮೂಲ ಇಮೇಲ್ ನಿಮ್ಮ ಡೊಮೈನಿನದ್ದೇ ಆದರೆ ಡೊಮೈನ್ ನವೀಕರಿಸಲು ಮರೆತ ದಿನ ಖಾತೆಯ ಬಾಗಿಲೂ ಮುಚ್ಚುತ್ತದೆ. ಆದ್ದರಿಂದ ಡೊಮೈನನ್ನು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ.

ನಿಮ್ಮದು ಕಂಪನಿಯಾದ ಕಾರಣ ಕಂಪನಿಗಳ ಲೆಕ್ಕಪತ್ರ ನಿಯಮಗಳೂ ಅನ್ವಯಿಸುತ್ತವೆ. 2022ರ ಆಗಸ್ಟ್ ತಿದ್ದುಪಡಿಯಂತೆ ಲೆಕ್ಕಪುಸ್ತಕದ ಬ್ಯಾಕಪ್ ಭಾರತದೊಳಗೇ ಇರುವ ಸರ್ವರಿನಲ್ಲಿ ಪ್ರತಿದಿನ ಆಗಬೇಕು. 2023ರ ಏಪ್ರಿಲ್ 1ರಿಂದ ಯಾರು, ಯಾವಾಗ, ಏನು ತಿದ್ದಿದರೆಂದು ದಾಖಲಿಸುವ, ಬಂದ್ ಮಾಡಲಾಗದ ಎಡಿಟ್ ಲಾಗ್ ಇರುವ ತಂತ್ರಾಂಶವನ್ನೇ ಬಳಸಬೇಕು. ಪಾಲುದಾರಿಕೆ, ಸ್ವಂತ ಹೆಸರಿನ ವ್ಯಾಪಾರಗಳಿಗೆ ಇವೆರಡು ಅನ್ವಯಿಸವು. ಆದರೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಜಿಎಸ್‌ಟಿ ದಾಖಲೆ ಇಡುವುದು ನೋಂದಣಿಯಾದ ಎಲ್ಲರಿಗೂ ಕಡ್ಡಾಯ. ಸರ್ವರಿಗೆ ಯಾರಾದರೂ ನುಗ್ಗಿದ್ದು ತಿಳಿದರೆ ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸರ್ವರಿನಲ್ಲಿ ನಡೆದದ್ದರ ದಾಖಲೆ) 180 ದಿನ ಇಡಬೇಕು. 2022ರ ಏಪ್ರಿಲಿನ ಆದೇಶವಿದು. ಲಾಗ್ ಇಡಲು ಯಾರಿಗೂ ಹೇಳಿರದಿದ್ದರೆ ಕೆಲವು ಸರ್ವರುಗಳು ಒಂದೇ ವಾರದಲ್ಲಿ ಹಳೆಯದನ್ನು ಅಳಿಸಿ ಹೊಸದು ಬರೆಯುತ್ತವೆ, ಅದನ್ನು ಈಗಲೇ ಪರೀಕ್ಷಿಸಿ.

ಒಪ್ಪಂದದಲ್ಲಿ ಬಿಡುಗಡೆಯ ಷರತ್ತನ್ನು ಸೇರಿಸಿ: ಸಂಬಂಧ ಮುಗಿದ ಮೇಲೆ ಎಷ್ಟು ದಿನ ಡೇಟಾ ಇಡುತ್ತಾರೆ, ಯಾವ ರೂಪದಲ್ಲಿ ಕೊಡುತ್ತಾರೆ, ಅದಕ್ಕೆ ಶುಲ್ಕ ಎಷ್ಟು. ಪಿಡಿಎಫ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಡೇಟಾಬೇಸಿನ ಪೂರ್ತಿ ಪ್ರತಿ ಬೇಕು. ವರ್ಷಕ್ಕೊಮ್ಮೆ ಅದನ್ನು ತರಿಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆಯೇ ಎಂದು ನಿಮ್ಮ ಸಿ.ಎ. ಅವರಿಗೆ ತೋರಿಸಿ.